ಬೇಸಿಗೆಯಲ್ಲಿ ಕಟ್ಟಿದ ಪ್ರಾಣಿಯ ನೆರಳು-ನೀರು
(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಬೇಸಿಗೆ ಎಂದೊಡನೆ ನಮ್ಮ ಚಿಂತೆಯೆಲ್ಲ ಬಾವಿಯ ನೀರು, ಒಣಗುವ ತೋಟ, ಕರಗುತ್ತಿರುವ ಮೇವಿನ ಬಣವೆ ಇವುಗಳ ಕಡೆಗೆ ಹರಿಯುತ್ತದೆ. ಹಾಲು ಕೊಡುವ ಹಸು-ಎಮ್ಮೆಗಳ ಬೇಸಿಗೆಯ ಪಾಲನೆಯ ಬಗ್ಗೆಯೂ ನೀವು ಸಾಕಷ್ಟು ಕೇಳಿದ್ದೀರಿ, ಓದಿದ್ದೀರಿ. ಆದರೆ ಮನೆಯ ಬಾಗಿಲು ಕಾಯುವ ನಾಯಿ, ಕಾಳಿನ ಚೀಲಗಳನ್ನು ಇಲಿಯಿಂದ ಕಾಪಾಡುವ ಬೆಕ್ಕು, ಹಿತ್ತಿಲಲ್ಲಿ ಕೆದಕಿ ತಿನ್ನುವ ಕೋಳಿ ಇವುಗಳ ಬಗ್ಗೆ ಮಾತನಾಡುವವರು ಕಡಿಮೆ. "ಅವು ಹೇಗೋ ಬದುಕಿಕೊಳ್ಳುತ್ತವೆ" ಎಂಬುದು ನಮ್ಮಲ್ಲಿ ಅನೇಕರ ಭಾವನೆ.

ಈ ಭಾವನೆ ಅರ್ಧ ನಿಜ. ಬಿಟ್ಟ ಪ್ರಾಣಿ ಬದುಕಿಕೊಳ್ಳುತ್ತದೆ. ಬಿಸಿಲು ಏರಿದೊಡನೆ ನಾಯಿ ತಾನಾಗಿಯೇ ಬಚ್ಚಲ ಪಕ್ಕದ ತೇವದ ನೆಲವನ್ನು ಕೆರೆದು ಮಲಗುತ್ತದೆ, ಎಮ್ಮೆ ಕೆರೆಗೆ ಇಳಿಯುತ್ತದೆ, ಕೋಳಿ ಬೇಲಿಯ ಬುಡ ಸೇರುತ್ತದೆ. ಆದರೆ ಅದೇ ಪ್ರಾಣಿಯನ್ನು ನಾವು ಸರಪಳಿಯಿಂದ ಕಟ್ಟಿದೆವು, ಬುಟ್ಟಿಯೊಳಗೆ ಮುಚ್ಚಿದೆವು, ಗೂಡಿನಲ್ಲಿ ಹಾಕಿದೆವು ಎಂದಾದರೆ, ನೆರಳನ್ನು ಹುಡುಕಿಕೊಳ್ಳುವ ಅದರ ಶಕ್ತಿಯನ್ನು ನಾವು ಕಿತ್ತುಕೊಂಡಂತಾಯಿತು. ಆ ಕ್ಷಣದಿಂದ ಅದರ ನೆರಳು, ನೀರು, ಗಾಳಿ ಎಲ್ಲವೂ ನಮ್ಮ ಹೊಣೆ. ಇಂದು ನಾನು ಹೇಳಬೇಕಾದ ಮುಖ್ಯ ಮಾತು ಇದೊಂದೇ. ಉಳಿದದ್ದೆಲ್ಲ ಇದರ ವಿವರಣೆ.

ಪ್ರಾಣಿಗಳು ಮೈ ತಂಪು ಮಾಡಿಕೊಳ್ಳುವ ಬಗೆ

ನಮಗೆ ಸೆಕೆಯಾದರೆ ಮೈಯೆಲ್ಲ ಬೆವರುತ್ತದೆ. ಬೆವರು ಆರುವಾಗ ಮೈಯ ಕಾವನ್ನು ಹೊತ್ತೊಯ್ಯುತ್ತದೆ. ನಾಯಿಗೆ ಈ ಅನುಕೂಲವಿಲ್ಲ. ಅದರ ಪಾದದ ಮೆತ್ತೆಗಳಲ್ಲಿ ಮಾತ್ರ ಸ್ವಲ್ಪ ಬೆವರು ಬರುತ್ತದೆ. ಅದರಿಂದ ಮೈ ತಂಪಾಗುವುದು ಅತ್ಯಲ್ಪ. ನಾಯಿ ನಾಲಗೆ ಚಾಚಿ ತೇಕುವುದೇ ಅದರ ಬೆವರು ಎಂದು ತಿಳಿಯಬೇಕು. ನಾಲಗೆ, ಬಾಯಿ ಮತ್ತು ಮೂಗಿನ ಒಳಪದರದ ತೇವ ಆವಿಯಾಗಿ ರಕ್ತ ತಂಪಾಗುತ್ತದೆ. ಆದ್ದರಿಂದಲೇ ಬೇಸಿಗೆಯಲ್ಲಿ ನಾಯಿಯ ಬಾಯಿಯನ್ನು ಹಗ್ಗದಿಂದ ಅಥವಾ ಬಿಗಿಯಾದ ಬಾಯಿಕುಕ್ಕೆಯಿಂದ ಬಿಗಿಯುವುದು ಬಹಳ ಅಪಾಯಕರ.

ವಿಶ್ರಾಂತಿಯಲ್ಲಿರುವ ಆರೋಗ್ಯವಂತ ನಾಯಿ ನಿಮಿಷಕ್ಕೆ 15ರಿಂದ 30 ಬಾರಿ ಉಸಿರಾಡುತ್ತದೆ. ಅದರ ಮೈ ಕಾವು ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಬಿಸಿಲಿನ ಹೊಡೆತದಿಂದ ಈ ಕಾವು 106 ಡಿಗ್ರಿ ಫ್ಯಾರನ್‌ಹೀಟ್ ಅಥವಾ 41 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಿದುಳು, ಮೂತ್ರಪಿಂಡ, ಯಕೃತ್ತು ಮತ್ತು ಕರುಳಿಗೆ ಪೆಟ್ಟು ಬೀಳುತ್ತದೆ. ಆರೋಗ್ಯಕ್ಕೂ ಸಾವಿಗೂ ನಡುವೆ ಇರುವ ಅಂತರ ಕೆಲವೇ ಡಿಗ್ರಿ ಎಂಬುದನ್ನು ಗಮನಿಸಿ.

ಇಲ್ಲಿ ಇನ್ನೊಂದು ಅಂಶವಿದೆ. ತೇಕುವುದರಿಂದ ಮೈ ತಂಪಾಗಬೇಕಾದರೆ ಸುತ್ತಲಿನ ಗಾಳಿ ಒಣಗಿರಬೇಕು. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ಆದರೆ ಅಲ್ಲಿಯ ಗಾಳಿ ಒಣ. ಕರಾವಳಿಯಲ್ಲಿ ಉಷ್ಣಮಾಪಕ 34 ಅಥವಾ 35 ಡಿಗ್ರಿಯನ್ನಷ್ಟೇ ತೋರಿಸಿದರೂ ಗಾಳಿಯಲ್ಲಿ ತೇವ ತುಂಬಿರುವುದರಿಂದ ನಾಲಗೆಯ ನೀರು ಬೇಗ ಆರುವುದಿಲ್ಲ. ಆದ್ದರಿಂದ "ನಮ್ಮಲ್ಲಿ ಅಷ್ಟು ಬಿಸಿಲಿಲ್ಲ" ಎಂದು ಕರಾವಳಿಯ ರೈತರು ಸಮಾಧಾನಪಡುವಂತಿಲ್ಲ. ದಕ್ಷಿಣದ ಬಯಲುಸೀಮೆಯವರೂ ಹಾಗೆಯೇ. ತಂಪು ಹವೆಗೆ ಹೆಸರಾದ ಬೆಂಗಳೂರಿನಲ್ಲಿಯೇ 2016ರ ಏಪ್ರಿಲ್ ತಿಂಗಳಿನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು.

ಯಾವ ನಾಯಿಗಳಿಗೆ ಅಪಾಯ ಹೆಚ್ಚು?

ದಪ್ಪ ಕೂದಲಿನ ಪರದೇಶಿ ತಳಿಗಳು, ಚಪ್ಪಟೆ ಮೂಗಿನ ಪಗ್ ಜಾತಿಯವು, ಬೊಜ್ಜು ಬೆಳೆದವು, ಮುದಿಯಾದವು, ಚಿಕ್ಕ ಮರಿಗಳು, ಗಬ್ಬವಾದವು ಬಿಸಿಲನ್ನು ತಡೆಯಲಾರವು. ಇತ್ತೀಚಿನ ವರ್ಷಗಳಲ್ಲಿ ತೋಟದ ಮನೆಗಳಲ್ಲಿಯೂ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ನಾಯಿಗಳನ್ನು ಸಾಕುವುದು ಹೆಚ್ಚಾಗಿದೆ. ಸಾಕಬಾರದೆಂದು ನಾನು ಹೇಳುವುದಿಲ್ಲ. ಆದರೆ ಊರ ನಾಯಿಗೆ ಸಾಕಾಗುವ ನೆರಳು ಇವಕ್ಕೆ ಸಾಲದು.

ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ನೋಡಿ. ತೆಳ್ಳನೆಯ ಮೈ, ಗಿಡ್ಡ ಕೂದಲು, ಉದ್ದ ಮೂತಿ. ಒಣ ಸೀಮೆಗೆ ಹೊಂದಿಕೊಂಡ ಮೈಕಟ್ಟು ಅದು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ದೇಶೀ ನಾಯಿ ತಳಿಗಳ ಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಮುಧೋಳ ನಾಯಿಯೂ ಒಂದಾಗಿತ್ತು. ಹೊಲ ಕಾಯಲು ನಾಯಿ ಬೇಕೆನ್ನುವ ರೈತರು ಇಂಥ ತಳಿಯನ್ನೋ ಊರ ನಾಯಿಯ ಒಳ್ಳೆಯ ಮರಿಯನ್ನೋ ಆರಿಸಿಕೊಳ್ಳುವುದು ಲೇಸು. ಹಾಗೆಂದು ಮುಧೋಳ ನಾಯಿಯನ್ನು ಬಿಸಿಲಿನಲ್ಲಿ ಕಟ್ಟಬಹುದು ಎಂದಲ್ಲ. ಕಟ್ಟಿದ ಮೇಲೆ ಎಲ್ಲ ತಳಿಯೂ ಒಂದೇ.

ಮಲೆನಾಡಿನಿಂದಲೋ ಪೇಟೆಯಿಂದಲೋ ಹೊಸದಾಗಿ ತಂದ ನಾಯಿಗೆ ಬಯಲುಸೀಮೆಯ ಬಿಸಿಲು ಒಗ್ಗಲು ಕೆಲವು ವಾರಗಳು ಬೇಕು. ಹಾಗೆಯೇ ಮೇ ತಿಂಗಳಿನ ಬಿಸಿಲಿಗಿಂತ ಮಾರ್ಚ್ ತಿಂಗಳಿನಲ್ಲಿ ಹಠಾತ್ತಾಗಿ ಏರುವ ಮೊದಲ ಬಿಸಿಲಿನ ದಿನಗಳು ಎಷ್ಟೋ ವೇಳೆ ಹೆಚ್ಚು ಹಾನಿ ಮಾಡುತ್ತವೆ. ಆಗ ಪ್ರಾಣಿಯ ಮೈ ಇನ್ನೂ ಹೊಂದಿಕೊಂಡಿರುವುದಿಲ್ಲ, ನಾವೂ ಎಚ್ಚರಗೊಂಡಿರುವುದಿಲ್ಲ.

ನೆರಳು ನಡೆಯುತ್ತದೆ, ಗೂಟ ನಡೆಯುವುದಿಲ್ಲ

ಬೆಳಗಿನ ಏಳು ಗಂಟೆಗೆ ಮನೆಯ ಪಡುವಣ ಗೋಡೆಯ ಪಕ್ಕದಲ್ಲಿ ಒಳ್ಳೆಯ ನೆರಳಿರುತ್ತದೆ. ರೈತನು ನಾಯಿಯನ್ನು ಅಲ್ಲಿ ಕಟ್ಟಿ, ಬೋಗುಣಿಯಲ್ಲಿ ನೀರಿಟ್ಟು ಹೊಲಕ್ಕೆ ಹೋಗುತ್ತಾನೆ. ಹೊತ್ತು ಏರಿದಂತೆ ಆ ನೆರಳು ಗೋಡೆಯ ಬುಡಕ್ಕೆ ಸರಿಯುತ್ತದೆ. ನಡು ಹಗಲಿಗೆ ನೆರಳೇ ಇರುವುದಿಲ್ಲ. ಏಪ್ರಿಲ್ ಮೂರನೆಯ ವಾರದಿಂದ ಮೇ ಮಧ್ಯದವರೆಗೆ ನಮ್ಮ ರಾಜ್ಯದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಸರದಿಯಂತೆ ಸೂರ್ಯನು ನೇರ ನೆತ್ತಿಯ ಮೇಲೆ ಬರುವುದರಿಂದ, ಆ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಯಾವ ಗೋಡೆಗೂ ನೆರಳಿರದು. ಅನಂತರ ಬಿಸಿಲು ಪಡುವಣದಿಂದ ನೇರವಾಗಿ ಅದೇ ಗೋಡೆಗೆ ಹೊಡೆಯುತ್ತದೆ. ಎರಡು, ಮೂರು ಗಂಟೆಗೆ ಕಾದ ಗೋಡೆ ಒಂದು ಕಡೆ, ಕಾದ ನೆಲ ಕೆಳಗೆ, ಸುಡುವ ಬಿಸಿಲು ಮೇಲೆ. ಅತ್ತಿತ್ತ ಎಳೆದಾಡಿದ ನಾಯಿ ಬೋಗುಣಿಯನ್ನು ಎಂದೋ ಉರುಳಿಸಿರುತ್ತದೆ. ರೈತನ ಮನಸ್ಸಿನಲ್ಲಿ ಮಾತ್ರ ಅದು ಇನ್ನೂ ಬೆಳಗಿನ ನೆರಳಿನಲ್ಲಿಯೇ ಇರುತ್ತದೆ.

ಬೇಸಿಗೆಯಲ್ಲಿ ಕಟ್ಟಿದ ನಾಯಿ, ಕುರಿ, ಮೇಕೆ, ಕರುಗಳಿಗೆ ಬರುವ ಆಪತ್ತು ಬಹುಮಟ್ಟಿಗೆ ಇದೇ ರೀತಿಯದು. ಇದನ್ನು ತಪ್ಪಿಸಲು ಹಣ ಬೇಕಿಲ್ಲ. ಒಂದು ದಿನ ಬೆಳಿಗ್ಗೆ ಎಂಟು ಗಂಟೆಗೆ, ಹನ್ನೆರಡು ಗಂಟೆಗೆ, ಮೂರು ಗಂಟೆಗೆ, ಹೀಗೆ ಮೂರು ಹೊತ್ತು ಪ್ರಾಣಿ ಕಟ್ಟುವ ಜಾಗದಲ್ಲಿ ನೀವೇ ನಿಂತು ನೋಡಿ. ಮೂರು ಹೊತ್ತೂ ನೆರಳಿರುವ ಜಾಗದಲ್ಲಿ ಮಾತ್ರ ಗೂಟ ಹೊಡೆಯಿರಿ. ಅಂಥ ಜಾಗ ಒಂದೂ ಇಲ್ಲದಿದ್ದರೆ ಕೆಳಗಿನ ಕ್ರಮಗಳಲ್ಲಿ ಒಂದನ್ನು ಅನುಸರಿಸಬಹುದು.

1. ಬೇವು, ಹೊಂಗೆ, ಹುಣಸೆ, ಮಾವಿನಂಥ ದಟ್ಟ ಮರದ ಕೆಳಗೆ, ಕಾಂಡದಿಂದ ಸ್ವಲ್ಪ ದೂರದಲ್ಲಿ ಎರಡು ಗೂಟಗಳನ್ನು ನೆಟ್ಟು, ಅವುಗಳ ನಡುವೆ 15ರಿಂದ 20 ಅಡಿ ಉದ್ದದ ಗಟ್ಟಿ ತಂತಿಯನ್ನು ಬಿಗಿಯಿರಿ. ತಂತಿಗೆ ಒಂದು ಕಬ್ಬಿಣದ ಬಳೆ ಪೋಣಿಸಿ, ನಾಯಿಯ ಸರಪಳಿಯನ್ನು ಬಳೆಗೆ ಸಿಕ್ಕಿಸಿ. ನಾಯಿ ನೆರಳಿನೊಡನೆ ತಾನೂ ಸರಿಯುತ್ತದೆ. ಸರಪಳಿ ಗೂಟಕ್ಕೆ ಸುತ್ತಿಕೊಳ್ಳದಂತೆ ತಂತಿಯ ಎರಡೂ ತುದಿಗಳಿಂದ ಮೂರು ನಾಲ್ಕು ಅಡಿ ಒಳಗೆ ಬಳೆಯನ್ನು ತಡೆಯುವ ಗಂಟು ಹಾಕಿ.

2. ನಾಲ್ಕು ಕಂಬ ನೆಟ್ಟು ತೆಂಗಿನ ಸೋಗೆಯ ಚಪ್ಪರ ಹಾಕಿ. ಚಪ್ಪರದ ಸುತ್ತ ಗೋಡೆ ಬೇಡ. ಗಾಳಿ ಆಡಬೇಕು.

3. ಹಗಲು ಹೊತ್ತಿನಲ್ಲಿ ನಾಯಿಯನ್ನು ಕಟ್ಟಲೇಬೇಕಾದ ಕಾರಣವಿದೆಯೇ ಎಂದು ವಿಚಾರ ಮಾಡಿ. ಬೇಲಿ ಗಟ್ಟಿಯಿದ್ದರೆ ಅಂಗಳದಲ್ಲಿ ಬಿಡಬಹುದು. ಮಧ್ಯಾಹ್ನ ಪಡಸಾಲೆಯ ಒಳಗೆ ತಣ್ಣನೆಯ ನೆಲದ ಮೇಲೆ ಮಲಗಲು ಬಿಡಬಹುದು.

ತಗಡಿನ ಸೂರು ನೆರಳಲ್ಲ

ತಗಡಿನ ಕೆಳಗೆ ಬಿಸಿಲು ಬೀಳುವುದಿಲ್ಲ, ನಿಜ. ಆದರೆ ಕಾದ ತಗಡು ಒಲೆಯ ಹಂಚಿನಂತೆ ಕೆಳಮುಖವಾಗಿ ಶಾಖವನ್ನು ಬೀರುತ್ತದೆ. ತಗಡು ತಗ್ಗಿನಲ್ಲಿದ್ದಷ್ಟೂ ಅಪಾಯ ಹೆಚ್ಚು. ಮೂರಡಿ ಎತ್ತರದ ತಗಡಿನ ನಾಯಿಗೂಡು, ಕೋಳಿಗೂಡು ಬೇಸಿಗೆಯಲ್ಲಿ ಬಯಲಿಗಿಂತಲೂ ಕೇಡು. ಇರುವ ತಗಡಿನ ಮೇಲೆ ಜೋಳದ ದಂಟು, ಕಬ್ಬಿನ ರವದಿ, ಭತ್ತದ ಹುಲ್ಲು ಅಥವಾ ಸೋಗೆಯನ್ನು ಅರ್ಧ ಅಡಿಗೂ ಮಿಗಿಲಾಗಿ ಹೊದಿಸಿ, ಗಾಳಿಗೆ ಹಾರದಂತೆ ಕಟ್ಟಬೇಕು. ಅನುಕೂಲವಿಲ್ಲದವರು ತಗಡಿನ ಹೊರಮೈಗೆ ಸುಣ್ಣ ಬಳಿದರೂ ಕಾವು ಕಡಿಮೆಯಾಗುತ್ತದೆ. ಪಡುವಣ ದಿಕ್ಕಿಗೆ ಗೋಣಿತಟ್ಟುಗಳನ್ನು ಇಳಿಬಿಟ್ಟು ಮಧ್ಯಾಹ್ನ ಎರಡು ಮೂರು ಬಾರಿ ನೀರು ಚಿಮುಕಿಸಿ. ಗಾಳಿ ಸುಳಿಯುವ ಕಡೆ ಇದರಿಂದ ಬಹಳ ಪ್ರಯೋಜನವಿದೆ. ಎಲ್ಲ ದಿಕ್ಕಿಗೂ ಗೋಣಿ ಮುಚ್ಚಿ ಗಾಳಿ ನಿಲ್ಲಿಸಿದರೆ ಮಾತ್ರ ಒಳಗೆ ಸೆಕೆ ಹೆಚ್ಚುತ್ತದೆ.

ನೀರು ಇಡುವ ರೀತಿ

20 ಕಿಲೋ ತೂಕದ ನಾಯಿಗೆ ತಂಪು ದಿನಗಳಲ್ಲಿ ದಿನಕ್ಕೆ ಸುಮಾರು ಒಂದು ಲೀಟರು ನೀರು ಸಾಕು. ಬೇಸಿಗೆಯಲ್ಲಿ ಅದರ ಎರಡರಷ್ಟು ಬೇಕಾಗಬಹುದು. ನೂರು ಕೋಳಿಗಳು ಸಾಮಾನ್ಯ ದಿನಗಳಲ್ಲಿ 25 ಲೀಟರು ಕುಡಿದರೆ ಬಿರು ಬೇಸಿಗೆಯಲ್ಲಿ 50 ಲೀಟರಿನವರೆಗೆ ಕುಡಿಯುತ್ತವೆ.

ಸ್ಟೀಲಿನ ಬಟ್ಟಲು, ಪ್ಲಾಸ್ಟಿಕ್ಕಿನ ಡಬ್ಬ ಬೇಗ ಕಾಯುತ್ತವೆ, ಬೇಗ ಉರುಳುತ್ತವೆ. ಅಗಲ ಬಾಯಿಯ ಮಣ್ಣಿನ ಬಾನಿಯನ್ನು ಅರ್ಧದಷ್ಟು ನೆಲದಲ್ಲಿ ಹೂಳುವುದು ಎಲ್ಲಕ್ಕಿಂತ ಉತ್ತಮ. ಅದು ಉರುಳುವುದಿಲ್ಲ. ಮಣ್ಣಿನ ರಂಧ್ರಗಳಲ್ಲಿ ಒಸರಿದ ನೀರು ಆರುತ್ತಾ ಒಳಗಿನ ನೀರನ್ನು ತಂಪಾಗಿಡುತ್ತದೆ. ಎರಡು ಕಡೆ ಎರಡು ಬಾನಿ ಇಟ್ಟರೆ ಒಂದು ಬರಿದಾದರೂ ಇನ್ನೊಂದಿರುತ್ತದೆ. ಪ್ರತಿದಿನ ಬಾನಿಯನ್ನು ತಿಕ್ಕಿ ತೊಳೆದು ಹೊಸ ನೀರು ತುಂಬಬೇಕು. ಇಲ್ಲವಾದರೆ ಪಾಚಿ ಕಟ್ಟುತ್ತದೆ, ಸೊಳ್ಳೆ ಮರಿ ಮಾಡುತ್ತದೆ.

ಬಾಯಾರಿದ ಪ್ರಾಣಿ ನೀರಿನ ಒಳಿತು ಕೆಡುಕನ್ನು ವಿಚಾರಿಸುವುದಿಲ್ಲ. ಯೂರಿಯಾ ಕರಗಿಸಿಟ್ಟ ಡ್ರಮ್ಮಿಗೆ ಬಾಯಿ ಹಾಕಿದ ಹಸು ಕೆಲವೇ ಗಂಟೆಗಳಲ್ಲಿ ಸಾಯಬಹುದು. ಸಿಂಪರಣೆಗೆ ಕಲಸಿದ ಕೀಟನಾಶಕ, ಪಂಪು ತೊಳೆದ ನೀರು ನಾಯಿ, ಕೋಳಿಗಳ ಪಾಲಿಗೆ ವಿಷ. ಇಂಥ ಡ್ರಮ್ಮುಗಳಿಗೆ ಮುಚ್ಚಳವಿರಲಿ. ಔಷಧಿಯ ಖಾಲಿ ಡಬ್ಬಗಳನ್ನು ಎಷ್ಟೇ ತೊಳೆದರೂ ಪ್ರಾಣಿಗಳಿಗೆ ನೀರಿಡಲು ಬಳಸಕೂಡದು. ಪ್ರಾಣಿಗಳ ಬಾನಿಯಲ್ಲಿ ಸದಾ ಒಳ್ಳೆಯ ನೀರಿರುವಂತೆ ನೋಡಿಕೊಂಡರೆ ಅವು ಕೆಟ್ಟ ನೀರಿನ ಕಡೆ ಹೋಗುವುದು ತಾನಾಗಿಯೇ ಕಡಿಮೆಯಾಗುತ್ತದೆ.

ಆಹಾರ ಮತ್ತು ತಿರುಗಾಟ

ಬೇಸಿಗೆಯಲ್ಲಿ ನಾಯಿ ಕಡಿಮೆ ತಿನ್ನುವುದು ಸಹಜ. ಅದಕ್ಕಾಗಿ ಗಾಬರಿಪಡಬೇಕಿಲ್ಲ. ಬೆಳಿಗ್ಗೆ ಬಿಸಿಲೇರುವ ಮುನ್ನ ಮತ್ತು ಸಂಜೆ ಏಳು ಗಂಟೆಯ ನಂತರ ಊಟ ಹಾಕಿ. ಮುದ್ದೆಯನ್ನೋ ಅನ್ನವನ್ನೋ ಮಜ್ಜಿಗೆಯಲ್ಲಿ ತೆಳುವಾಗಿ ಕಲಸಿ ಕೊಟ್ಟರೆ ನೀರೂ ಸೇರುತ್ತದೆ. ಉಳಿದ ಊಟವನ್ನು ಬಟ್ಟಲಲ್ಲಿಯೇ ಬಿಡಬೇಡಿ. ಸೆಕೆಗೆ ಬೇಗ ಹಳಸಿ ವಾಂತಿ ಭೇದಿ ಉಂಟುಮಾಡುತ್ತದೆ. ಮಾವಿನ ಕಾಲದಲ್ಲಿ ಓಟೆಗಳನ್ನು ಕಂಡ ಕಂಡಲ್ಲಿ ಎಸೆಯಬೇಡಿ. ಓಟೆ ನುಂಗಿದ ನಾಯಿಯ ಕರುಳು ಕಟ್ಟಿಕೊಂಡು ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ನಾಯಿಯನ್ನು ಹೊಲಕ್ಕೆ ಕರೆದೊಯ್ಯುವುದಾದರೆ ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ಐದರ ನಂತರ ಒಳ್ಳೆಯದು. ಬೈಕಿನ ಹಿಂದೆ ನಾಯಿಯನ್ನು ಓಡಿಸುವ ಅಭ್ಯಾಸ ಬೇಸಿಗೆಯಲ್ಲಿ ಕೂಡದು. ಡಾಂಬರು ರಸ್ತೆ, ಸಿಮೆಂಟಿನ ಕಣ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತವೆ. ನಿಮ್ಮ ಅಂಗೈಯ ಹಿಂಭಾಗವನ್ನು ನೆಲದ ಮೇಲೆ ಐದಾರು ಎಣಿಸುವವರೆಗೆ ಇಡಲು ಆಗದಿದ್ದರೆ ನಾಯಿಯ ಪಾದವೂ ಅದನ್ನು ತಾಳಲಾರದು.

ದಪ್ಪ ಕೂದಲಿನ ನಾಯಿಗೆ ತಲೆ ಬೋಳಿಸಿದಂತೆ ಮೈ ಬೋಳಿಸುವುದು ಸರಿಯಲ್ಲ. ಬರಿ ಚರ್ಮ ಬಿಸಿಲಿಗೆ ಸುಡುತ್ತದೆ. ಉದುರುವ ಕೂದಲನ್ನು ದಿನವೂ ಬಾಚಿ ತೆಗೆದರೆ ಸಾಕು, ಚರ್ಮಕ್ಕೆ ಗಾಳಿ ತಾಗುತ್ತದೆ.

ಬೆಕ್ಕು, ಕೋಳಿ, ಮೊಲ

ಬೆಕ್ಕು ಜಾಣ ಪ್ರಾಣಿ, ತನ್ನ ತಂಪಿನ ಮೂಲೆಯನ್ನು ತಾನೇ ಹುಡುಕಿಕೊಳ್ಳುತ್ತದೆ. ಅದಕ್ಕೆ ಅಪಾಯ ಬರುವುದು ನಮ್ಮ ಬಾಗಿಲುಗಳಿಂದ. ತಗಡಿನ ಗೋದಾಮು, ಪಂಪಿನ ಮನೆ, ಕಾರು ಇವುಗಳೊಳಗೆ ಬೆಕ್ಕು ಸೇರಿಕೊಂಡದ್ದನ್ನು ನೋಡದೆ ಬೀಗ ಹಾಕಿದರೆ ಒಂದೇ ಮಧ್ಯಾಹ್ನ ಸಾಕು. ಬೀಗ ಹಾಕುವ ಮುನ್ನ ಒಮ್ಮೆ ಕರೆದು ನೋಡಿ. ಬೆಕ್ಕು ನಾಯಿಯಂತೆ ಬಾಯಿ ತೆರೆದು ತೇಕುವುದಿಲ್ಲ. ತೇಕುತ್ತಿದ್ದರೆ ಅದು ಆಪತ್ತಿನ ಚಿಹ್ನೆ ಎಂದೇ ತಿಳಿಯಿರಿ.

ಕೋಳಿಗೆ ಬೆವರಿನ ಗ್ರಂಥಿಗಳೇ ಇಲ್ಲ. ಅದರ ಸಹಜ ಮೈ ಕಾವೇ 106ರಿಂದ 107 ಡಿಗ್ರಿ ಫ್ಯಾರನ್‌ಹೀಟಿನಷ್ಟು. ರೆಕ್ಕೆ ಅಗಲಿಸಿ, ಕೊಕ್ಕು ತೆರೆದು ತೇಕುವ ಕೋಳಿ ಮೇವು ಬಿಡುತ್ತದೆ, ಮೊಟ್ಟೆ ಕಡಿಮೆ ಮಾಡುತ್ತದೆ. ಹೆಚ್ಚು ತೇಕಿದಾಗ ರಕ್ತದಲ್ಲಿಯ ಇಂಗಾಲಾಮ್ಲ ಕಡಿಮೆಯಾಗಿ ಮೊಟ್ಟೆಯ ಚಿಪ್ಪು ತೆಳುವಾಗುತ್ತದೆ. ಮೇವನ್ನು ಬೆಳಿಗ್ಗೆ ಮತ್ತು ಸಂಜೆಯ ತಂಪಿನಲ್ಲಿ ಕೊಡಿ. ಮಧ್ಯಾಹ್ನ ಕೋಳಿಗಳನ್ನು ಹಿಡಿಯುವುದು, ಓಡಿಸುವುದು ಬೇಡ. ಮರಿಗಳನ್ನು ಹದ್ದಿನಿಂದ ಕಾಪಾಡಲೆಂದು ಅಂಗಳದಲ್ಲಿ ಬುಟ್ಟಿ ಮುಚ್ಚುವ ತಾಯಂದಿರು ಬುಟ್ಟಿಯ ಮೇಲಿನ ನೆರಳು ಸರಿದೀತೆಂಬ ನೆನಪಿಟ್ಟುಕೊಳ್ಳಬೇಕು.

ಮೊಲ ಬಿಸಿಲಿಗೆ ಬಹಳ ನಾಜೂಕು. ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಬಳಲುತ್ತದೆ. ಗೂಡನ್ನು ಮರದ ನೆರಳಿಗೆ ಸರಿಸಿ, ಸುತ್ತಲಿನ ನೆಲವನ್ನು ತೇವವಾಗಿಡಿ.

ಎಮ್ಮೆ, ಹಸು, ಎತ್ತು

ಇವುಗಳ ವಿಷಯ ನಿಮಗೆ ತಿಳಿದದ್ದೇ. ಸಂಕ್ಷೇಪವಾಗಿ ಹೇಳುತ್ತೇನೆ. ಎಮ್ಮೆಯ ಚರ್ಮ ಕಪ್ಪು, ಬೆವರಿನ ಗ್ರಂಥಿಗಳು ಹಸುವಿಗಿಂತ ಬಹಳ ಕಡಿಮೆ. ಆದ್ದರಿಂದ ಕೆರೆ ಇಲ್ಲದ ಕಡೆ ದಿನಕ್ಕೆ ಎರಡು ಮೂರು ಬಾರಿ ಮೈ ಮೇಲೆ ನೀರು ಸುರಿಯುವುದು ಅತ್ಯವಶ್ಯ. ಬೇಸಿಗೆಯಲ್ಲಿ ಎಮ್ಮೆಯ ಬೆದೆ ಹಗಲು ಕಾಣದೆ ರಾತ್ರಿ ಅಥವಾ ನಸುಕಿನಲ್ಲಿ ಕಾಣುತ್ತದೆ, ಗಮನವಿಡಿ. ಮಿಶ್ರತಳಿಯ ಹಸುಗಳು ಹಳ್ಳಿಕಾರ್, ಅಮೃತಮಹಲ್ ತಳಿಗಳಿಗಿಂತ ಬೇಗ ಬಳಲುತ್ತವೆ. ಎತ್ತುಗಳನ್ನು ಬೆಳಿಗ್ಗೆ ಹತ್ತರೊಳಗೆ ಬಿಚ್ಚಿ, ಸಂಜೆ ನಾಲ್ಕರ ನಂತರ ಮತ್ತೆ ಹೂಡಿ.

ಸಂತೆಗೆ ಸಾಗಿಸುವಾಗ

ನಿಂತ ವಾಹನದೊಳಗೆ ಗಾಜು ಮುಚ್ಚಿದ್ದರೆ ಹತ್ತೇ ನಿಮಿಷದಲ್ಲಿ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಗಾಜನ್ನು ಸ್ವಲ್ಪ ಇಳಿಸಿದರೆ ಹೆಚ್ಚಿನ ಪ್ರಯೋಜನವಿಲ್ಲ. "ಒಂದು ಚಹ ಕುಡಿದು ಬರುತ್ತೇನೆ" ಎಂದು ನಾಯಿಯನ್ನು ಕಾರಿನೊಳಗೆ ಬಿಟ್ಟು ಹೋಗಬೇಡಿ. ಕುರಿ, ಮೇಕೆ, ಕೋಳಿಗಳನ್ನು ಟೆಂಪೋದಲ್ಲಿ ಒತ್ತೊತ್ತಾಗಿ ತುಂಬಿ ಬಿಸಿಲಿನಲ್ಲಿ ನಿಲ್ಲಿಸಿದರೂ ಇದೇ ಗತಿ. ಗಾಡಿ ಓಡುವಾಗ ಗಾಳಿ ಆಡುತ್ತದೆ, ನಿಂತಾಗ ಸಾವು ಸಮೀಪಿಸುತ್ತದೆ. ನಸುಕಿನಲ್ಲಿಯೇ ಹೊರಟು ಬಿಸಿಲೇರುವ ಮುನ್ನ ಸಂತೆ ಸೇರುವುದು ಲಾಭದಾಯಕ.

ಬಿಸಿಲು ಬಡಿದಾಗ ಏನು ಮಾಡಬೇಕು?

ಮೊದಲ ಲಕ್ಷಣಗಳು ಇವು: ನಾಯಿ ಜೋರಾಗಿ, ನಿಲ್ಲದೆ ತೇಕುತ್ತದೆ, ಜೊಲ್ಲು ಅಂಟಾಗಿ ಸುರಿಯುತ್ತದೆ, ನಾಲಗೆ, ವಸಡು ಕಡುಗೆಂಪಾಗುತ್ತವೆ. ಅನಂತರ ತೂರಾಡುತ್ತದೆ, ಕರೆದರೆ ಗಮನಿಸುವುದಿಲ್ಲ, ವಾಂತಿ ಅಥವಾ ರಕ್ತ ಮಿಶ್ರಿತ ಭೇದಿಯಾಗಬಹುದು. ಕೊನೆಗೆ ಕುಸಿದು ಬಿದ್ದು ಸೆಳೆತ ಬರುತ್ತದೆ.

ಇಂಥ ಸಮಯದಲ್ಲಿ ವಾಹನ ಹುಡುಕಲು ಓಡಬೇಡಿ. ಮೊದಲು ತಂಪು, ಆಮೇಲೆ ಪ್ರಯಾಣ. ಈ ಕ್ರಮವನ್ನು ನೆನಪಿಡಿ.

1. ಪ್ರಾಣಿಯನ್ನು ನೆರಳಿಗೆ, ಗಾಳಿ ಬರುವ ಕಡೆಗೆ ಒಯ್ಯಿರಿ. ಕುತ್ತಿಗೆಯ ಪಟ್ಟಿ ಬಿಚ್ಚಿ.

2. ಮೈ ಮೇಲೆಲ್ಲ, ಹೊಟ್ಟೆಯ ಅಡಿ, ತೊಡೆಯ ಸಂದು, ಪಾದಗಳಿಗೂ ನೀರು ಸುರಿಯಿರಿ. ಮೂಗು ಬಾಯಿಯೊಳಗೆ ನೀರು ಹೋಗಬಾರದು. ಕೊಡದ ನೀರು, ತೊಟ್ಟಿಯ ನೀರು, ಯಾವುದಾದರೂ ಸರಿ. ಪ್ರಾಣಿಯ ಮೈಗಿಂತ ತಂಪಾಗಿದ್ದರೆ ಸಾಕು. ಬಿಸಿಲಿನಲ್ಲಿ ಬಿದ್ದ ಕೊಳವೆಯ ಮೊದಲ ನೀರು ಸುಡುತ್ತಿರುತ್ತದೆ, ಅದನ್ನು ಹರಿಯಬಿಟ್ಟು ತಣ್ಣೀರು ಬಂದ ಮೇಲೆ ಹಿಡಿಯಿರಿ.

3. ನೀರು ಸುರಿಯುತ್ತಲೇ ಮೊರದಿಂದಲೋ ಫ್ಯಾನಿನಿಂದಲೋ ಗಾಳಿ ಹಾಕಿ. ಒದ್ದೆ ಗೋಣಿ ಹೊದಿಸಿ ಸುಮ್ಮನೆ ಬಿಡುವುದು ತಪ್ಪು. ಗೋಣಿ ಬೆಚ್ಚಗಾಗಿ ಮೈ ಕಾವನ್ನು ಒಳಗೇ ತಡೆಯುತ್ತದೆ.

4. ತಾನಾಗಿ ಕುಡಿಯುವುದಾದರೆ ಸ್ವಲ್ಪ ಸ್ವಲ್ಪವಾಗಿ ನೀರು ಕೊಡಿ. ಎಚ್ಚರ ತಪ್ಪಿದ ಪ್ರಾಣಿಯ ಬಾಯಿಗೆ ಗೊಟ್ಟದಿಂದ ನೀರು ಹಾಕಕೂಡದು; ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

5. ಮೈ ಕಾವು 103 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿದ ಮೇಲೆ ನೀರು ನಿಲ್ಲಿಸಿ. ಉಷ್ಣಮಾಪಕ ಇಲ್ಲದವರು ತೇಕು ಇಳಿದು, ಪ್ರಾಣಿ ಸುತ್ತ ನೋಡಲು ಆರಂಭಿಸಿದಾಗ ನಿಲ್ಲಿಸಬಹುದು.

6. ಮನುಷ್ಯರ ಜ್ವರದ ಮಾತ್ರೆ ಕೊಡಬೇಡಿ. ಇದು ಜ್ವರವಲ್ಲ, ಮಾತ್ರೆ ಕೆಲಸ ಮಾಡುವುದಿಲ್ಲ. ಬೆಕ್ಕಿಗಂತೂ ಪ್ಯಾರಾಸಿಟಮಾಲ್ ಪ್ರಾಣಾಂತಿಕ ವಿಷ.

ಎದ್ದು ಓಡಾಡಿತೆಂದು ಸುಮ್ಮನಿರಬಾರದು. ಒಳಗಿನ ಅಂಗಗಳಿಗೆ ಆದ ಪೆಟ್ಟು ಒಂದು, ಎರಡು, ಮೂರು ದಿನಗಳ ನಂತರವೂ ಹೊರಬರಬಹುದು. ಹತ್ತಿರದ ಪಶು ವೈದ್ಯರಿಗೆ ತೋರಿಸಲೇಬೇಕು. ಜಾನುವಾರುಗಳಿಗೆ ತೊಂದರೆಯಾದಾಗ 1962 ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ದೊರೆಯುತ್ತದೆ. ಆ ಸಂಖ್ಯೆಯನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ.

ಬಿಸಿಲಿಗೆ ಹುಚ್ಚು ಹಿಡಿಯುವುದೇ?

ಬೇಸಿಗೆಯ ಝಳಕ್ಕೆ ನಾಯಿಗೆ ಹುಚ್ಚು ಹಿಡಿಯುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿದೆ. ಇದು ಸರಿಯಲ್ಲ. ಹುಚ್ಚುನಾಯಿ ರೋಗ ವೈರಾಣುವಿನಿಂದ ಬರುತ್ತದೆ. ವರ್ಷದ ಯಾವ ತಿಂಗಳಲ್ಲಾದರೂ ಬರಬಹುದು. ಆದರೆ ಜೊಲ್ಲು ಸುರಿಸಿ ತೂರಾಡುವ ನಾಯಿಯನ್ನು ಕಂಡಾಗ ಎರಡರಲ್ಲಿ ಯಾವುದೆಂದು ಹೊರನೋಟಕ್ಕೆ ಹೇಳುವುದು ಕಷ್ಟ. ಆದ್ದರಿಂದ ನೀರನ್ನು ದೂರದಿಂದ ಸುರಿಯಿರಿ, ಬಾಯಿಗೆ ಬರಿಗೈ ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ನಿಮ್ಮ ನಾಯಿಗೆ ಮೂರು ತಿಂಗಳ ವಯಸ್ಸಿನಲ್ಲಿ ಲಸಿಕೆ ಹಾಕಿಸಿ ಪ್ರತಿವರ್ಷ ತಪ್ಪದೆ ಪುನಃ ಹಾಕಿಸಿದ್ದರೆ, ಇಂಥ ಗಳಿಗೆಯಲ್ಲಿ ಧೈರ್ಯವಾಗಿ ಅದನ್ನು ಉಳಿಸಬಹುದು. ಲಸಿಕೆ ಇಲ್ಲದ ನಾಯಿಯನ್ನು ಮುಟ್ಟಲು ಮನೆಯವರೇ ಹೆದರುತ್ತಾರೆ. ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಉಣ್ಣೆಯ ಕಾಟ

ಬೇಸಿಗೆಯಲ್ಲಿ ಉಣ್ಣೆಗಳು ಹೆಚ್ಚುತ್ತವೆ. ಕಿವಿಯೊಳಗೆ, ಬೆರಳ ಸಂದುಗಳಲ್ಲಿ ವಾರಕ್ಕೆರಡು ಬಾರಿಯಾದರೂ ನೋಡಿ. ರಕ್ತ ಹೀರುವುದಷ್ಟೇ ಅಲ್ಲ, ಜ್ವರದ ರೋಗಗಳನ್ನೂ ಅವು ಹರಡುತ್ತವೆ. ಉಣ್ಣೆ ಸಾಯಲೆಂದು ಬೆಳೆಗೆ ಹೊಡೆಯುವ ಔಷಧಿಯನ್ನು ನಾಯಿಯ ಮೈಗೆ ಸವರುವವರಿದ್ದಾರೆ. ಅದು ಚರ್ಮದ ಮೂಲಕ ಒಳಗಿಳಿಯುತ್ತದೆ, ನೆಕ್ಕಿದಾಗ ಹೊಟ್ಟೆಗೂ ಹೋಗುತ್ತದೆ. ಹಾಗೆ ಮಾಡಕೂಡದು. ನಾಯಿಗೆಂದು ಕೊಟ್ಟ ಉಣ್ಣೆಯ ಔಷಧಿಯನ್ನು ಬೆಕ್ಕಿಗೆ ಹಾಕುವುದೂ ಅಪಾಯ. ಪರ್ಮೆಥ್ರಿನ್ ಇರುವ ಔಷಧಿ ಬೆಕ್ಕನ್ನು ಕೊಲ್ಲುತ್ತದೆ.

ಬೆಂಕಿ ಮತ್ತು ಹಗ್ಗದ ಗಂಟು

ಕಡೆಯದಾಗಿ ಒಂದು ಮಾತು. ಬೇಸಿಗೆ ಬೆಂಕಿಯ ಕಾಲವೂ ಹೌದು. ಕೊಟ್ಟಿಗೆಗೆ ಬೆಂಕಿ ತಗುಲಿದಾಗ ಮನೆಯವರು ಹೊರಗೆ ಓಡುತ್ತಾರೆ. ಕಟ್ಟಿದ ಪ್ರಾಣಿ ಓಡಲಾರದು. ಎಳೆದಷ್ಟೂ ಕುಣಿಕೆ ಬಿಗಿಯುತ್ತದೆ, ಹೊಗೆಯಲ್ಲಿ ಗಂಟು ಕಾಣದು. ಆದ್ದರಿಂದ ಬಣವೆಯನ್ನು ಕೊಟ್ಟಿಗೆಯಿಂದ ದೂರ ಒಟ್ಟಿ. ತಗಡಿನ ಮೇಲೆ ಒಣ ಹುಲ್ಲು ಹೊದಿಸಿದವರು ಒಲೆಯ ಕಿಡಿ, ವಿದ್ಯುತ್ ತಂತಿ ಹತ್ತಿರವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಗೂಟಕ್ಕೆ ಕಟ್ಟುವ ಗಂಟು ಸಡಿಲ ತುದಿಯನ್ನು ಒಮ್ಮೆ ಎಳೆದರೆ ಬಿಚ್ಚಿಕೊಳ್ಳುವಂತಿರಲಿ. ಮನೆಯ ಹತ್ತು ವರ್ಷದ ಮಗುವೂ ಅದನ್ನು ಬಿಚ್ಚಲು ಕಲಿತಿರಬೇಕು. ಸರಪಳಿಯಾದರೆ ಒತ್ತಿದೊಡನೆ ತೆರೆಯುವ ಕೊಂಡಿ ಇರಲಿ, ಬೀಗ ಬೇಡ.

ಬಾಂಧವರೇ, ನಾನು ಹೇಳಿದ ಯಾವ ಕ್ರಮಕ್ಕೂ ಸಾಲ ಬೇಕಿಲ್ಲ, ಸಹಾಯಧನ ಬೇಕಿಲ್ಲ. ಒಂದು ಮಣ್ಣಿನ ಬಾನಿ, ಇಪ್ಪತ್ತು ಅಡಿ ತಂತಿ, ಒಂದು ಹೊರೆ ಸೋಗೆ, ಮೂರು ಹೊತ್ತು ಒಂದು ನೋಟ, ಇಷ್ಟು ಸಾಕು. ರಾತ್ರಿಯಿಡೀ ಎಚ್ಚರವಿದ್ದು ನಮ್ಮ ಬೆಳೆಯನ್ನು, ಮನೆಯನ್ನು ಕಾಯುವ ಪ್ರಾಣಿಯನ್ನು ಹಗಲಿನ ನಾಲ್ಕು ತಾಸು ನಾವು ಕಾಯುವುದು ದೊಡ್ಡ ಮಾತಲ್ಲ. ಇಂದು ಊರಿಗೆ ಮರಳಿದ ಮೇಲೆ, ನಾಳೆ ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ನಾಯಿ ಕಟ್ಟಿದ ಜಾಗಕ್ಕೆ ಒಮ್ಮೆ ಹೋಗಿ ನೋಡಿ. ನೆರಳಿದೆಯೇ? ಬಾನಿಯಲ್ಲಿ ನೀರಿದೆಯೇ? ಇಲ್ಲವಾದರೆ ಆ ಕೂಡಲೇ ಗೂಟ ಕಿತ್ತು ಬೇರೆ ಕಡೆ ಹೊಡೆಯಿರಿ.